ಕೆರೆಯಂಗಳದಲ್ಲಿ ಚರಗ

ನಾನು ಮದುವೆಯಾಗಿ ಶಹಾಬಾದಿಗೆ ಬರುವ ಮೊದಲೇ ಅತ್ತೆಯ ಹೊಲ ಚಿಂಚೋಳಿ ಕಡೆ ಕಟ್ಟಿದ ಕೆರೆಯಲ್ಲಿ ಮುಳುಗಿತ್ತು. ಎಳ್ಳಮಾಸಿ ಬಂದರೆ ಸಾಕು, ಅವರ ಮುಖ ಗಂಟಾಗುತ್ತಿತ್ತು. ಅಂದು ಎಲ್ಲರೂ ಸಜ್ಜೆ ಕಡಬು, ಭಜ್ಜಿ ಕಟ್ಟಿಕೊಂಡು ತಮ್ಮ ತಮ್ಮ ಹೊಲಕ್ಕೆ ಹೋಗಿ ನಿಂತ ಬೆಳೆಗೆ ಅದನ್ನೇ ಚರಗವೆಂದು ಚೆಲ್ಲುವರು. ಬಸುರಿ ಭೂಮಿತಾಯಿಗೆ ಉಣಿಸುವ ಹಬ್ಬ ಅದು. ಇವರು ಮಾತ್ರ ಒಲೆ ಮುಂದೆ ಕುಳಿತು ನನ್ನ ಮೇಲೆ ಹರಿಹಾಯುವರು.

ಆ ವರ್ಷ ಮಳೆ ಕಡಿಮೆ. ಕೆರೆ ಹಿಂದೆ ಸರಿದು ಹಳೆಯ ಹೊಲಗಳು ತೆರೆದಿವೆ ಎಂದು ಯಾರೋ ಅಂದದ್ದೇ ತಡ, ಅತ್ತೆ ಹಬ್ಬದ ದಿನ ನಸುಕಿನಲ್ಲೇ ಬುತ್ತಿ ಕಟ್ಟಿದರು.

"ಒಮ್ಮೆರ ನನ್ನ ಹೊಲಕ್ಕ ನನ್ನ ಕೈಲೆ ಚರಗ ಚೆಲ್ತೀನಿ. ಬರೂದಿದ್ರ ಬಾ," ಅಂದರು. ನನಗೋ ಕೆರೆ ನೋಡುವ ಆಸೆ, ಹೊರಟೆ.

ಒಡ್ಡಿನಿಂದ ನೋಡಿದರೆ ನೀರು ಬಹಳ ದೂರ. ಈಚೆಗೆಲ್ಲ ಜೊಂಡು, ಕೆಸರು, ಬೆಳ್ಳಕ್ಕಿಗಳು. ಚೆಂದವಿತ್ತು, ಸುಳ್ಳೇಕೆ ಹೇಳಲಿ. ಅತ್ತೆಗೆ ಅದೆಲ್ಲ ಕಾಣಲೇ ಇಲ್ಲ. ಸೀರೆ ಎತ್ತಿ ಕಟ್ಟಿ ಇಳಿದೇಬಿಟ್ಟರು. ಕರಿಮಣ್ಣಿನಲ್ಲಿ ನನ್ನ ಚಪ್ಪಲಿ ಒಂದು ಸಿಕ್ಕಿಕೊಂಡಿತು; ಬಗ್ಗಿ ಹುಡುಕಲೂ ಬಿಡಲಿಲ್ಲ ಮಹಾತಾಯಿ.

ಸತ್ತ ಬನ್ನಿಗಿಡದ ಬೊಡ್ಡೆ ಕಂಡಾಗ ನಿಂತರು. ಅದು ಅವರ ಹೊಲದ ಗಿಡ. ಆದರೆ ಹೊಲ ಖಾಲಿ ಇರಲಿಲ್ಲ. ಆರುತ್ತಿದ್ದ ಹಸಿಮಣ್ಣಿನಲ್ಲಿ ಯಾರೋ ಕಡಲೆ ಬಿತ್ತಿದ್ದರು, ಹೂವಿಗೆ ಬಂದಿತ್ತು. ಬೊಡ್ಡೆಯ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಒಬ್ಬ ಹರೆಯದ ಹೆಣ್ಣುಮಗಳು ಪೂಜೆ ಮಾಡುತ್ತಿದ್ದಳು. ಅವಳ ಗಂಡ ಕೊಡ ಹಿಡಿದು ನಿಂತಿದ್ದ.

ಅತ್ತೆಯ ಮುಖ ಕೆಂಪಾಯಿತು. ಇನ್ನು ಜಗಳವೇ ಎಂದುಕೊಂಡೆ. ಅಷ್ಟರಲ್ಲಿ ಅವಳೇ ಎದ್ದು ಬಂದಳು.

"ಬರ್ರಿ ಅವ್ವಾ, ಹಬ್ಬದ ದಿನ ಬಂದೀರಿ. ಚರಗ ಚೆಲ್ಲಾಕತ್ತೀವಿ. ನಮಗ ಹಿರ್ಯಾರು ಯಾರೂ ಇಲ್ಲ, ನೀವಾ ಚೆಲ್ರಿ," ಎಂದು ಬುಟ್ಟಿ ಚಾಚಿದಳು.

ಅತ್ತೆ ಆ ಬುಟ್ಟಿ ಮುಟ್ಟಲಿಲ್ಲ. ಬಗ್ಗಿ ಕಡಲೆಯ ಹೂವು ಸವರಿ, ತಮ್ಮ ಬುತ್ತಿ ಬಿಚ್ಚಿದರು. ಚರಗ ಚೆಲ್ಲುತ್ತ ಅವರು ಮುಂದೆ ನಡೆದರೆ, ಪದ್ಧತಿಯಂತೆ ಅವಳು ಹಿಂದಿನಿಂದ ನೀರು ಚಿಮುಕಿಸುತ್ತ ಬಂದಳು. ಬದುಗಳೆಲ್ಲ ಕರಗಿಹೋಗಿದ್ದ ಆ ಹೊಲದಲ್ಲಿ ಎಲ್ಲಿ ತಿರುಗಬೇಕೋ ಅಲ್ಲೇ ಅತ್ತೆ ತಿರುಗುತ್ತಿದ್ದರು. ಅವರು ಅಳುತ್ತಿದ್ದರು. ನನಗೂ ತಡೆಯಲಾಗಲಿಲ್ಲ.

ಅದನ್ನು ಅವಳೂ ನೋಡಿರಬೇಕು. ಸುತ್ತು ಮುಗಿದ ಮೇಲೆ ಅಂಜುತ್ತ ಕೇಳಿದಳು: "ಈ ಹೊಲ ಯಾರದಿತ್ರಿ ಅವ್ವಾ? ನಿಮಗ ಗೊತ್ತದೇನು?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನಿಮ್ದಾ ಐತವ್ವಾ," ಅಂದರು. "ಬಿತ್ತೀರಲ್ಲ."