ಮಾತು ನಿಲ್ಲದಷ್ಟು ನಡಿಗೆ

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯೆಂದರೆ ನನಗೆ ಮೊದಲಿನಿಂದಲೂ ಆಸೆ. ಮುಂದೆ ದೇವರು, ತಿಥಿ, ಅಮಾವಾಸ್ಯೆ. ಹಿಂದೆ ಏನೂ ಇಲ್ಲದ ನುಣುಪು ಬಿಳುಪು. ಅದನ್ನು ಕಂಡರೆ ನನ್ನಂಥ ಮೇಷ್ಟರಿಗೆ ಗೆರೆ ಎಳೆಯುವ ಚಪಲ. ರಾವಂದೂರಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದಾಗ, ತೊಂಬತ್ತೆಂಟೋ ತೊಂಬತ್ತೊಂಬತ್ತೋ, ಅಂಥದೊಂದು ಹಾಳೆಯ ಮೇಲೆ ಚಿಕ್ಕತಾಯಮ್ಮನವರ ವ್ಯಾಯಾಮದ ಪಟ್ಟಿ ಬರೆದುಕೊಟ್ಟೆ. ಬರೆದದ್ದರಲ್ಲಿ ಒಂದು ಸಾಲು ಮಾತ್ರ ಸ್ಪಷ್ಟವಾಗಿ ನೆನಪಿದೆ. ಅಷ್ಟು ಸ್ಪಷ್ಟವಾಗಿರುವುದರಿಂದಲೇ, ನೋಡಿ, ನನಗೆ ಅದರ ಮೇಲೆ ಅನುಮಾನ.

ಚಿಕ್ಕತಾಯಮ್ಮ ನಮ್ಮ ಬೀದಿಯ ಕೊನೆಯ ಮನೆಯವರು, ಐವತ್ತು ದಾಟಿದವರು. ಹೊಗೆಸೊಪ್ಪಿನ ಕಾಲದಲ್ಲಿ ಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ದಿನ ಕಟ್ಟುತ್ತ ಕಟ್ಟುತ್ತಲೇ ಎದೆ ಹಿಡಿದುಕೊಂಡರು. ಮೈಸೂರಿನ ಡಾಕ್ಟರು ಹೃದಯ ದುರ್ಬಲವಾಗಿದೆಯೆಂದು ಮಾತ್ರೆ ಕೊಟ್ಟು, ದಿನಾ ಸ್ವಲ್ಪ ನಡೆಯಿರಿ, ಆಯಾಸ ಮಾಡಿಕೊಳ್ಳಬೇಡಿ ಎಂದು ಕಳಿಸಿದರು. ಸ್ವಲ್ಪ ಎಂದರೆ ಎಷ್ಟು? ಕೇಳಲು ನನ್ನ ಬಳಿ ಬಂದರು. ಮಕ್ಕಳು ಸುಸ್ತಾದರೆ ಪಾಠ ಚೆನ್ನಾಗಿ ಆಯಿತೆಂದು ತಿಳಿಯುವುದು ನನ್ನ ಕಸುಬು. ಸುಸ್ತೇ ಆಗದಂತೆ ಒಬ್ಬರನ್ನು ನಡೆಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಯಾವುದೋ ತರಬೇತಿ ಶಿಬಿರದಲ್ಲಿ ಕೇಳಿದ್ದ ಉಪಾಯವೊಂದು ಹೊಳೆಯಿತು. ಮಾತಾಡುತ್ತ ನಡೆಯಬೇಕು; ವಾಕ್ಯ ನಡುವೆ ತುಂಡಾದರೆ ನಿಂತು ಕೂರಬೇಕು. ಗಡಿಯಾರ ಬೇಡ, ನಾಡಿ ಎಣಿಸುವುದು ಬೇಡ, ಉಸಿರಿಗೆ ಮಾತೇ ಅಳತೆಗೋಲು. ಹಾಗೆಯೇ ಬರೆದೆ: ಕೆರೆ ಏರಿಯ ಮೇಲೆ ತೂಬಿನವರೆಗೆ, ಜೊತೆಗೆ ಒಬ್ಬರಿರಲಿ, ಮಾತು ನಿಲ್ಲದಷ್ಟು ನಡಿಗೆ. ಬರೆದು ಬೀಗಿರಬೇಕು. ಬೀಗಿದ್ದು ನೆನಪಿಲ್ಲ, ಆದರೆ ನನ್ನನ್ನು ನಾನು ಬಲ್ಲೆ.

ಜೊತೆಗೆ ಯಾರು ಬರುತ್ತಾರೆಂದು ಮಾತ್ರ ಕೇಳಲಿಲ್ಲ. ಆ ಹೊತ್ತಿಗೆ ಬಿಡುವಿದ್ದವರು ಅವರ ವಾರಗಿತ್ತಿ ಕೆಂಪಮ್ಮ, ಗಂಡನ ಅಣ್ಣನ ಹೆಂಡತಿ. ಮನೆ ಪಾಲಾದಾಗ ಒರಳುಕಲ್ಲು ಯಾರಿಗೆ ಎಂದು ಶುರುವಾದ ಜಗಳದಿಂದ ಇಬ್ಬರಿಗೂ ವರ್ಷಗಳಿಂದ ಮಾತಿರಲಿಲ್ಲ. ಆದರೂ ಕೆಂಪಮ್ಮ ಹೊರಟರು. ನಮ್ಮ ಕಡೆ ಮಾತು ಬಿಟ್ಟವರು ಕೆಲಸ ಬಿಡುವುದಿಲ್ಲ. ಮಾತಿಲ್ಲದ ಮನೆಯ ಬಾಣಂತಿಗೂ ನೀರು ಕಾಯಿಸಿ ಹುಯ್ದು ಬರುತ್ತಾರೆ. ಕೆಂಪಮ್ಮ ಮುಂದೆ, ಚಿಕ್ಕತಾಯಮ್ಮ ಹಿಂದೆ. ಹೇಳಬೇಕಾದ್ದನ್ನೆಲ್ಲ ಚಿಕ್ಕತಾಯಮ್ಮ ದಾರಿಯ ಎಮ್ಮೆಗೆ, ಬೇಲಿಗೆ, ಗಾಳಿಗೆ ಹೇಳುವರು. ಕೆಂಪಮ್ಮ ಕೇಳಿಸಿಕೊಳ್ಳದವರಂತೆ ಎಲ್ಲವನ್ನೂ ಕೇಳಿಸಿಕೊಳ್ಳುವರು. ಹಾಗಾಗಿ ನನ್ನ ಅಳತೆಗೋಲು ಕೆಲವು ದಿನ ನಡೆಯಿತೆಂದೇ ಹೇಳಬೇಕು.

ನಾಲ್ಕನೆಯ ದಿನವೋ ಹತ್ತನೆಯ ದಿನವೋ ಆ ಗೊಣಗು ನಿಂತಿತು. ಚಿಕ್ಕತಾಯಮ್ಮನಿಗೆ ಹಳೆಯ ಸಿಟ್ಟು ಮತ್ತೆ ಏರಿತೆಂದುಕೊಂಡು ಕೆಂಪಮ್ಮ ತಿರುಗಿಯೂ ನೋಡದೆ ಬಿರುಸಾಗಿ ನಡೆದರು. ಅವರ ಮುಂದೆ ಸೋಲಬಾರದೆಂದು ಇವರೂ ಬಿರುಸಾದರು. ತೂಬಿನ ಹತ್ತಿರ ಕೆಂಪಮ್ಮ ತಿರುಗಿದಾಗ ಚಿಕ್ಕತಾಯಮ್ಮ ಏರಿಯ ಇಳಿಜಾರಿನಲ್ಲಿ ಕುಸಿದು ಕೂತಿದ್ದರು, ತುಟಿ ನೇರಳೆಯಾಗಿತ್ತು.

ಪಿರಿಯಾಪಟ್ಟಣದ ಆಸ್ಪತ್ರೆಗೆ ಜೀಪಿನಲ್ಲಿ ಕರೆದೊಯ್ದೆವು. ಒಯ್ದೆವು ಎನ್ನುತ್ತೇನೆ, ಕೆಂಪಮ್ಮನ ಪ್ರಕಾರ ನಾನು ಶಾಲೆಯಲ್ಲಿದ್ದೆ, ಸಂಜೆ ಬಸ್ಸಿಗೆ ಬಂದೆ. ಅವರ ಮಾತೇ ನಿಜವಿರಬೇಕು. ಹಾಗಾದರೆ ಆ ಜೀಪಿನ ಟಾರ್ಪಾಲಿನ ವಾಸನೆ ನನ್ನ ಮೂಗಿಗೆ ಎಲ್ಲಿಂದ ಬಂತು? ತಪ್ಪು ಮಾಡಿದವನ ಮನಸ್ಸು ತಾನಿಲ್ಲದ ಕಡೆಯೂ ಹೋಗಿ ಕೂರುತ್ತದೋ ಏನೋ. ತಪ್ಪಾದರೂ ಯಾವುದು? ಊಟ, ನಿದ್ದೆ, ಮಾತ್ರೆ ಎಲ್ಲ ಕೇಳಿದ್ದೆ. ಯಾರೊಡನೆ ಮಾತು ಬಿಟ್ಟಿದ್ದೀರಿ ಎಂದು ಯಾವ ಡಾಕ್ಟರು ಕೇಳುತ್ತಾರೆ? ಕೇಳಬೇಕಿತ್ತೇ? ಈಗಲೂ ನನಗೆ ಗೊತ್ತಿಲ್ಲ.

ಚಿಕ್ಕತಾಯಮ್ಮ ಬದುಕಿ ಬಂದರು. ವಾರಗಳ ಮೇಲೆ ಡಾಕ್ಟರು ಮತ್ತೆ ಅದೇ ಮಾತು ಹೇಳಿದರು, ಸ್ವಲ್ಪ ನಡೆಯಿರಿ. ನನ್ನ ಪಟ್ಟಿಯನ್ನು ಹರಿದುಹಾಕಿ ಎಂದು ಹೇಳಲು ನಾನು ಹೋದಾಗ ಕೆಂಪಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತಿದ್ದರು.

“ಬರ್ದಿರೋದು ಸರಿಯಾಗೇ ಅದೆ ಬುಡಿ ಮೇಷ್ಟ್ರೇ,” ಎಂದರು. ಆಮೇಲೆ ವರ್ಷಗಳ ನಂತರ ಮೊದಲ ಸಲ ವಾರಗಿತ್ತಿಯ ಮುಖ ನೋಡಿದರು. “ಲೇ, ನಾಳಿಂದ ನನ್ನ ಬಯ್ಕಂಡಾದ್ರೂ ನಡಿ. ಒರಳ್ ಕದ್ದವ್ಳೆ ಅನ್ನು, ಏನಾರ ಅನ್ನು. ಸುಮ್ಕೆ ಮಾತ್ರ ಇರ್ಬ್ಯಾಡ ಕಣೆ.”

“ನಿನ್ನ ಬಯ್ಯಾಕೆ ಅಷ್ಟು ಏನದೆ?” ಎಂದರು ಚಿಕ್ಕತಾಯಮ್ಮ. “ಒಂದ್ ಫರ್ಲಾಂಗ್‌ಗೇ ಮುಗ್ದೋಯ್ತದೆ.”

ಮಾರನೆಯ ಬೆಳಿಗ್ಗೆ ಅವರಿಗೆ ಕಾಣದಂತೆ ದೂರದಲ್ಲಿ ಹಿಂಬಾಲಿಸಿದೆ. ಬೈಗುಳ ಏರಿಯುದ್ದಕ್ಕೂ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ತಟ್ಟನೆ ನಿಂತಿತು. ನಾನು ಓಡಿದೆ. ಇಬ್ಬರೂ ಅಕ್ಕಪಕ್ಕ ನಿಂತು ನೀರು ನೋಡುತ್ತಿದ್ದರು. ಏನಾಗಿಲ್ಲ, ಬಯ್ಯುವುದು ಮುಗಿಯಿತು ಅಷ್ಟೆ ಎಂದರು ಕೆಂಪಮ್ಮ. ನನಗೆ ನಂಬಿಕೆ ಬರಲಿಲ್ಲ. ಚಿಕ್ಕತಾಯಮ್ಮನವರ ಮಣಿಕಟ್ಟು ಹಿಡಿದು ಎಣಿಸತೊಡಗಿದೆ. ಬೆರಳ ತುದಿಯಲ್ಲಿ ನನ್ನದೇ ನಾಡಿ ಬಡಿಯುತ್ತಿತ್ತು, ಅದರ ಅಡಿಯಲ್ಲೆಲ್ಲೋ ಅವರದು. ಯಾವುದು ಯಾರದೆಂದು ತಿಳಿಯದೆ ಲೆಕ್ಕ ತಪ್ಪಿತು. ಏನು ಮೇಷ್ಟ್ರೇ, ಎಷ್ಟದೆ ಎಂದು ಅವರೇ ಕೇಳಿದರು. ಹೇಳಲು ಬಾಯಿ ತೆರೆದೆ. ಎರಡು ಪದದ ಮೇಲೆ ಉಸಿರು ಹೊರಡಲಿಲ್ಲ.

“ಕೂತ್ಕಳಿ,” ಎಂದರು ಚಿಕ್ಕತಾಯಮ್ಮ.