ಬಂಡೆಮ್ಮನ ನಲವತ್ತೆರಡು ಉತ್ತರಗಳು

ಬಂಡೆಮ್ಮನಿಗೆ ಮಕ್ಕಳ ಮೇಲೆ ಪ್ರೀತಿ ಕಡಿಮೆಯಂತೆ. ನೂರಕ್ಕೆ ಮೂವತ್ತೊಂದು. ಹೀಗೆ ಹೇಳಿದ್ದು ಹಿಮಾಯತ್‌ನಗರದ ಒಂದು ಕಂಪನಿಯ ಕಂಪ್ಯೂಟರ್. ಅದು ಬಂಡೆಮ್ಮನನ್ನು ಕಂಡಿಲ್ಲ. ನಾನು ಹದಿನಾಲ್ಕು ವರ್ಷದಿಂದ ಕಂಡಿದ್ದೇನೆ. ಅದಕ್ಕೇ ಮೈಯೆಲ್ಲ ಉರಿಯುತ್ತಿದೆ.

ನಾನು ಕಾಶಿನಾಥ, ಈ ತೆಲುಗು ಶಹರದ ತಾರ್ನಾಕ ಬಡಾವಣೆಯ ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತ. ಊರು ಹುಮನಾಬಾದ್ ಕಡೆ. ಬಂಡೆಮ್ಮ ಅದೇ ಶಾಲೆಯ ನರ್ಸರಿಯಲ್ಲಿ ಆಯಾ. ಸುರಪುರದ ಹತ್ತಿರದ ಹಳ್ಳಿಯಿಂದ ಗಂಡ ಚಂದ್ರಾಮನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ನಮ್ಮ ಶಾಲೆಯ ಎರಡನೆಯ ಅಂತಸ್ತಿಗೆ ಉಸುಕು ಹೊತ್ತವರಲ್ಲಿ ಅವಳೂ ಒಬ್ಬಳು. ಕಟ್ಟಡ ಮುಗಿದು ಮೇಸ್ತ್ರಿ ಬೇರೆ ಕಡೆ ಹೋದ, ಇವಳು ಆಯಾ ಆಗಿ ಇಲ್ಲೇ ಉಳಿದಳು. ಓದು ಬರಹ ಬಾರದು. ಆದರೆ ತೆಲುಗಿನಲ್ಲಿ ಅಳುವ ಕೂಸನ್ನು ತೆಲುಗಿನಲ್ಲಿ, ಹಿಂದಿಯಲ್ಲಿ ಅಳುವುದನ್ನು ಹಿಂದಿಯಲ್ಲಿ ಸುಮ್ಮನಾಗಿಸುತ್ತಾಳೆ. ಯಾವ ಕೂಸು ಇನ್ನೈದು ನಿಮಿಷಕ್ಕೆ ವಾಂತಿ ಮಾಡುತ್ತದೆಂದು ಮುಖ ನೋಡಿಯೇ ಹೇಳಿ, ಬಕೆಟ್ ತಂದಿಡುತ್ತಾಳೆ. ಟೀಚರುಗಳು ಡಿಗ್ರಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.

ಅವಳಿಗೊಂದು ರೂಢಿಯಿದೆ. ಕೂಸು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿ ತಾಗುತ್ತದೆಂಬ ಅಂಜಿಕೆ. ನಮ್ಮ ಕಡೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸಿಗೆ ತಿಪ್ಪೆ, ಕಲ್ಲುಗಳ ಹೆಸರು ಹಿಡಿದು ತಿಪ್ಪಣ್ಣ ಎಂದೋ ಗುಂಡಪ್ಪ ಎಂದೋ ಹೆಸರಿಡುತ್ತಾರಲ್ಲ, ಅದೇ ಅಂಜಿಕೆ. ಬಂಡೆಮ್ಮನ ಮೂರು ಕೂಸುಗಳಲ್ಲಿ ಉಳಿದದ್ದು ಒಂದೇ. ಹಾಗಾಗಿ ನರ್ಸರಿಯ ಅತಿ ಮುದ್ದಾದ ಹುಡುಗಿಯನ್ನು ಅವಳು ಕರೆಯುವುದು ‘ತಿಪ್ಪಿ’ ಎಂದು. ಆ ಹುಡುಗಿಯೂ ಅಷ್ಟಕ್ಕೆ ಓಡಿಬಂದು ಅವಳ ಸೆರಗು ಹಿಡಿಯುತ್ತಾಳೆ.

ಜೂನ್‌ನಲ್ಲಿ ಶಾಲೆಗೆ ಹೊಸ ಆಡಳಿತ ಮಂಡಳಿ ಬಂತು. ಮಕ್ಕಳ ಹತ್ತಿರ ಕೆಲಸ ಮಾಡುವವರಿಗೆಲ್ಲ ಮನಶ್ಶಾಸ್ತ್ರದ ಪರೀಕ್ಷೆ ಮಾಡಿಸಬೇಕು ಎಂದರು. ಆ ಕಂಪನಿಯಿಂದ ಟ್ಯಾಬ್ ಹಿಡಿದುಕೊಂಡು ಚೇತನಕುಮಾರ ಎಂಬ ಹುಡುಗ ಬಂದ. ನಲವತ್ತೆರಡು ಪ್ರಶ್ನೆ, ಇಂಗ್ಲಿಷ್ ಮತ್ತು ತೆಲುಗಿನಲ್ಲಿ. ಓದಲು ಬಾರದವರಿಗೆ ಬೇರೆಯವರು ಓದಿಹೇಳಿ ಉತ್ತರ ಒತ್ತಬಹುದು. ಬಂಡೆಮ್ಮನ ಪಕ್ಕ ನಾನು ಕೂತೆ. ಪ್ರಶ್ನೆಗಳನ್ನು ನಮ್ಮ ಮಾತಿನಲ್ಲಿ ಹೇಳುತ್ತ ಹೋದೆ.

“ನಾನು ನೋಡಿಕೊಳ್ಳುವ ಮಕ್ಕಳು ಯಾವಾಗಲೂ ಖುಷಿಯಾಗಿ, ಆರೋಗ್ಯವಾಗಿ ಇರ್ತಾವ. ಹೌದೋ ಅಲ್ಲೋ?”

“ಹಂಗ ಅನಬಾರದ್ರಿ ಸರ. ಇಲ್ಲ ಅಂತ ಒತ್ರಿ.”

“ಮಕ್ಕಳಿಗೆ ನಾನಂದ್ರ ಭಾಳ ಪ್ರೀತಿ.”

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ನಮ್ಮದು ನಾವ ಹೇಳ್ಕೊಳ್ಳೂದಾ? ಇಲ್ಲ ಅನ್ರಿ.”

“ಕೆಲಸದ ಜಾಗದಾಗ ಎಂದಾದ್ರೂ ದನಿ ಏರಿಸಿ ಮಾತಾಡೀರೇನು?”

“ಮಾತಾಡೀನಿ. ನಮ್ಮ ಶಾಲಿ ವ್ಯಾನಿನ ಡ್ರೈವರ ಕೂಸಿನ್ನ ಗೇಟಿನ ಹೊರಗ ಒಂಟಿಯಾಗಿ ಬಿಟ್ಟು ಹೋಗಿದ್ದನಲ್ರಿ, ಅವತ್ತು ಇಡೀ ಓಣಿಗೆ ಕೇಳೂವಂಗ ಬೈದೀನಿ. ಹೌದು ಅಂತ ಒತ್ರಿ.”

ನಾನು ಒತ್ತಿದೆ. ಹೇಳಿದ್ದನ್ನು ಹೇಳಿದಂತೆಯೇ ಒತ್ತಿದೆ. ಪ್ರಾಮಾಣಿಕ ಗುಮಾಸ್ತನಲ್ಲವೇ ನಾನು.

ಹತ್ತು ದಿನಕ್ಕೆ ವರದಿ ಬಂತು. ಬಂಡೆಮ್ಮ: ಮಮತೆ ಕಡಿಮೆ, ಸಿಟ್ಟಿನ ಮೇಲೆ ಹತೋಟಿ ಇಲ್ಲ, ಮಕ್ಕಳ ಬಳಿ ಇಡಲು ತಕ್ಕವಳಲ್ಲ. ಅದೇ ವ್ಯಾನಿನ ಡ್ರೈವರನಿಗೆ ತೊಂಬತ್ತೊಂದು. ಎಂದೂ ದನಿ ಏರಿಸಿಲ್ಲ, ಮಕ್ಕಳೆಂದರೆ ಪ್ರಾಣ, ತಪ್ಪನ್ನೇ ಮಾಡಿಲ್ಲ ಎಂದು ಟಕಟಕ ಒತ್ತಿ ಎದ್ದುಹೋಗಿದ್ದ ಮಹಾನುಭಾವ. ಆ ಹಾಳೆಯನ್ನು ಹರಿದು ಆ ಚೇತನಕುಮಾರನ ಬಾಯಿಗೆ ತುರುಕಬೇಕೆನಿಸಿತು. ಯಾರು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೋ ಅವರು ಒಳ್ಳೆಯವರು ಎಂದು ಈ ಜನಕ್ಕೆ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಒಂದು ದಿನ, ಒಂದೇ ದಿನ, ಆ ನರ್ಸರಿಯಲ್ಲಿ ಬಂದು ಕೂತಿದ್ದರೆ ಸಾಕಿತ್ತು. ಅದಕ್ಕೆ ಅವರಿಗೆ ಪುರುಸೊತ್ತಿಲ್ಲ.

ಪ್ರಿನ್ಸಿಪಾಲ್ ಮೇಡಂ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿದೆ. ದೃಷ್ಟಿಯ ಮಾತು, ತಿಪ್ಪಿಯ ಮಾತು, ಡ್ರೈವರನ ಮಾತು. ಅವರು ತಾಳ್ಮೆಯಿಂದ ಕೇಳಿದರು. ಹೇಳುವುದಿದ್ದರೆ ಪರೀಕ್ಷೆಯ ದಿನ ಹೇಳಬೇಕಿತ್ತು, ವರದಿ ಮಂಡಳಿಗೆ ಹೋಗಿಯಾಯಿತು, ಇನ್ನು ಇವಳನ್ನು ಇಟ್ಟುಕೊಂಡು ನಾಳೆ ಏನಾದರೂ ಆದರೆ ತಾಯಿತಂದೆಗಳು ನನ್ನ ಕುತ್ತಿಗೆ ಹಿಡಿಯುತ್ತಾರೆ ಎಂದರು. ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಟೈಪ್ ಮಾಡಲು ನನಗೇ ಕೊಟ್ಟರು. ಓದಿಹೇಳುವ ಕೆಲಸವೂ ನನ್ನದೇ.

ಶನಿವಾರ ಮಕ್ಕಳು ಹೋದ ಮೇಲೆ ನರ್ಸರಿಯ ಗಿಡ್ಡ ಬೆಂಚಿನ ಮೇಲೆ ಅವಳ ಎದುರು ಕೂತು ಓದಿದೆ. ‘ಮಕ್ಕಳ ಜೊತೆ ಇರಲು ತಕ್ಕ ಸ್ವಭಾವವಿಲ್ಲ’ ಎಂಬಲ್ಲಿ ಅವಳು ಕೈ ಅಡ್ಡ ಹಿಡಿದಳು.

“ಇನ್ನೊಮ್ಮೆ ಓದ್ರಿ.”

ಓದಿದೆ. ಈ ಕೆಲಸ ಹೋದರೆ ಬೇರೆ ಕೆಲಸ ಸಿಕ್ಕೀತು. ಆದರೆ ಆ ಹಾಳೆ ಇರುವ ತನಕ ಯಾವ ಶಾಲೆಯೂ ಅವಳನ್ನು ಮಕ್ಕಳ ಹತ್ತಿರ ಬಿಡುವುದಿಲ್ಲ. ಅದು ಅವಳಿಗೂ ತಿಳಿದಿತ್ತು.

“ನಾ ಹೇಳಿದ್ದೆಲ್ಲ ಖರೇನ ಐತಿ, ಸರ. ಆದ್ರ ಯಾಕ ಹಂಗ ಅಂದೆ ಅನ್ನೂದು ಬರಿಯಾಕ ಅದರಾಗ ಜಾಗಾ ಇರಲಿಲ್ಲೇನ್ರಿ?”

“ಇತ್ತು, ಬಂಡೆಮ್ಮ,” ಎಂದೆ.

ಪ್ರತಿ ಪ್ರಶ್ನೆಯ ಕೆಳಗೂ, ಓದಿಹೇಳುವವರು ಏನಾದರೂ ವಿವರಿಸುವುದಿದ್ದರೆ ಎಂದು, ಎರಡು ಸಾಲಿನಷ್ಟು ಜಾಗ ಬಿಟ್ಟಿದ್ದರು. ನಲವತ್ತೆರಡು ಕಡೆಯೂ ನಾನು ಅದನ್ನು ಖಾಲಿ ಬಿಟ್ಟೆ. ಊಟದ ಹೊತ್ತಾಗಿತ್ತು, ನನಗೆ ಹಸಿವಾಗಿತ್ತು.