ಕಂಪನಿಯ ಸಿಂಹಕ್ಕೆ ಹುಣಸೆಹಣ್ಣು

ಬೇರೆಯವಳಿಗೆ ಒಬ್ಬ ಸವತಿ ಇದ್ದರೆ ಊರೆಲ್ಲ ಅಯ್ಯೋ ಅನ್ನುತ್ತದೆ. ನನಗೆ ಏಳು ಮಂದಿ ಇದ್ದರು, ಎಲ್ಲರೂ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಡುಲುತ್‌ನಲ್ಲಿರುವ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಗೋಡೆಗೆ ಒರಗಿ ನಿಂತವರು. ಯಾರೂ ಅಯ್ಯೋ ಅನ್ನಲಿಲ್ಲ. ನನ್ನ ಗಂಡ ಶಿವಶರಣಪ್ಪನವರಿಗೆ ಹಳೆಯ ಬ್ರಿಟಿಷ್ ಬಂದೂಕುಗಳ ಹುಚ್ಚು.

ವಿಜಯಪುರದವರು, ಇಲ್ಲಿ ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವರು. ಒಂದು ಗುಂಡನ್ನೂ ಹಾರಿಸಿದವರಲ್ಲ. ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುತ್ತಾರೆ. ಆದರೂ ಶನಿವಾರ ಬಂತೆಂದರೆ ಕ್ಯಾರೊಲಿನಾದ ಯಾವುದೋ ಗನ್ ಶೋಗೆ ಕಾರು ತಿರುಗಿಸುತ್ತಿದ್ದರು. ಅವರಿಗೆ ಬೇಕಾದದ್ದು ಆ ಬಂದೂಕುಗಳನ್ನು ಮಾಡಿದ ಕೈಗಳು. ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆ ಬಡಿದವನೊಬ್ಬ, ಕಿಡಿ ಹೊಡೆಯುವ ಲಾಕ್ ಅರ ಹಾಕಿ ಉಜ್ಜಿದವನೊಬ್ಬ, ಮರ ಕೆತ್ತಿದವನು ಮತ್ತೊಬ್ಬ, ಅವರಲ್ಲಿ ಯಾರ ಹೆಸರೂ ಉಳಿದಿಲ್ಲ ಎಂದು ಊಟಕ್ಕೆ ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರ ಸಾರು ಆರಿ ತಣ್ಣಗಾಗುತ್ತಿತ್ತು.

ಏಳನೆಯದು ಈಸ್ಟ್ ಇಂಡಿಯಾ ಕಂಪನಿಯ ಮಸ್ಕೆಟ್. ಅದರ ಲಾಕಿನ ಕಬ್ಬಿಣದ ಪಟ್ಟಿಯ ಮೇಲೆ ಹಿಂಗಾಲಿನಲ್ಲಿ ನಿಂತ ಪುಟ್ಟ ಸಿಂಹವಿತ್ತು, ಕಂಪನಿಯ ಗುರುತು. ಸವೆದು ಸವೆದು ಗೆರೆಯಷ್ಟೇ ಉಳಿದಿತ್ತು. "ನಮ್ಮ ಕಡೆ ಹೋಗಿ ಬಂದದ್ದು ಇದು" ಅನ್ನುವರು, ನೆಂಟರ ಮಾತು ಆಡಿದ ಹಾಗೆ. ಹಿತ್ತಾಳೆ ಕಪ್ಪಾಗಿದ್ದರೂ ಮುಟ್ಟಗೊಡುತ್ತಿರಲಿಲ್ಲ. ಆ ಕಪ್ಪೇ ಅದರ ವಯಸ್ಸಂತೆ.

ಎರಡು ವರ್ಷಗಳಿಂದ ಅವರ ಕೈ ನಡುಗುತ್ತದೆ. ಮನೆ ಮಾರಿ ಸಣ್ಣ ಅಪಾರ್ಟ್‌ಮೆಂಟಿಗೆ ಹೋಗುವುದೆಂದು ತೀರ್ಮಾನವಾಯಿತು. ಆರು ಸವತಿಯರು ಒಬ್ಬೊಬ್ಬರಾಗಿ ಬೇರೆ ಮನೆ ಸೇರಿದರು. ಇದೊಂದನ್ನು ಮಾರಲು ಅವರಿಗೆ ಮನಸ್ಸಿಲ್ಲ. ಹರ್ನ್‌ಡನ್‌ನಲ್ಲಿರುವ ಮಗಳು ರಚನಾ "ಅಪ್ಪಾ, ನೋ ಗನ್ಸ್ ಇನ್ ಮೈ ಹೌಸ್" ಎಂದು ಫೋನ್ ಇಟ್ಟಳು. ಕೊನೆಗೆ ಕ್ಯಾರೊಲಿನಾದ ಚಿಕ್ಕ ಮ್ಯೂಸಿಯಂ ಒಂದು ಒಪ್ಪಿತು. ಸಿಂಹ ಇರುವುದರಿಂದಲೇ ನಮಗೆ ಬೇಕು, ನಾನೇ ಬಂದು ನೋಡುತ್ತೇನೆ, ಅಲ್ಲಿಯವರೆಗೆ ಒರೆಸಬೇಡಿ ಎಂದ ಅಲ್ಲಿಯ ಅಧಿಕಾರಿ. ಅವತ್ತು ಇವರು ಮಧ್ಯಾಹ್ನ ಮಗುವಿನಂತೆ ನಿದ್ದೆ ಹೋದರು.

ಆಗಲೇ ನವರಾತ್ರಿಗೆ ವಿಜಯಪುರದಿಂದ ಇವರ ಅಕ್ಕ ಮಹಾದೇವಕ್ಕ ಬಂದರು. ತಾಯಿಯಿಲ್ಲದ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಾವು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಬೇಸ್‌ಮೆಂಟಿಗೆ ಇಳಿದಿದ್ದರು.

ಮನೆ ಹಿಂದಿನ ಮರದ ಡೆಕ್ಕಿನ ಮೇಲೆ ಬಂದೂಕು ಮಲಗಿತ್ತು. ಹಿತ್ತಾಳೆ ಮದುವೆಮನೆಯ ಕೊಡದಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಹುಣಸೆಹಣ್ಣಿನ ಬಟ್ಟಲು, ತಂತಿ ಬ್ರಷ್.

"ನಾಳೆ ಖಂಡೇಪೂಜಿ. ಆಯುಧ ಹಿಂಗ ಹೊಲಸ ಇಡ್ತಾರೇನೋ ತಮ್ಮಾ? ಕಬ್ಬಿಣಾನೂ ತಿಕ್ಕೀನಿ ನೋಡು, ತೋಳು ಬಿದ್ದು ಹೋದವು."

ಇವರು ಬಾಗಿ ಲಾಕಿನ ಪಟ್ಟಿ ನೋಡಿದರು. ಸಿಂಹ ಇರಲಿಲ್ಲ. ನನ್ನ ಬಾಯಿಗೆ ಬಂದದ್ದನ್ನು ಆಡಿಬಿಡುತ್ತಿದ್ದೆ, ಇವರು ಕಣ್ಣಲ್ಲೇ ತಡೆದರು.

"ಚಂದ ಆಗ್ಯದಕ್ಕ" ಅಂದರು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ನಿಜ. ಆದರೂ ಆ ರಾತ್ರಿ ಹುಣಸೆಹಣ್ಣಿನ ಬಟ್ಟಲನ್ನು ಎರಡೆರಡು ಸಲ ತಿಕ್ಕಿ ತೊಳೆದೆ.

ಮ್ಯೂಸಿಯಂನವನು ಬಂದ. ಟಾರ್ಚ್ ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿ, ಕ್ಷಮೆ ಕೇಳಿ, ಚಹಾ ಕುಡಿದು ಹೋದ. ಅವನ ಇಂಗ್ಲಿಷ್ ಮಹಾದೇವಕ್ಕನಿಗೆ ತಿಳಿಯಲಿಲ್ಲ.

"ಏನಂದಾಂವ?"

"ಒಪ್ಪಿದ ಅಕ್ಕ. ಇಷ್ಟ ಹೊಳಿಯೂದು ಎಲ್ಲೂ ನೋಡಿಲ್ಲಂತ. ವ್ಯಾನ್ ಕಳಿಸಿ ಒಯ್ತಾನಂತ."

ಸುಳ್ಳು ಅವರದು, ಹೊರುವುದು ನನಗೆ. ಅಕ್ಕ ಊರಿಗೆ ಹೋಗುವವರೆಗೂ ಆ ಬಂದೂಕು ಕೌದಿ ಸುತ್ತಿಕೊಂಡು ನನ್ನ ಕಾರಿನ ಟ್ರಂಕಿನಲ್ಲಿತ್ತು. ತರಕಾರಿಗೆ, ಔಷಧಿಗೆ, ಎಲ್ಲಿಗೆ ಹೋದರೂ ಜೊತೆಗೆ. ಬ್ರೇಕ್ ಒತ್ತಿದಾಗೆಲ್ಲ ಹಿಂದಿನಿಂದ ಧಡ್ ಅನ್ನುತ್ತಿತ್ತು. ಸಿಟ್ಟು ಅಕ್ಕನ ಮೇಲೋ, ಇವರ ಮೇಲೋ, ನನಗೇ ತಿಳಿಯದೆ ದಣಿದಿದ್ದೆ.

ಹೊಸ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ವಿಜಯಪುರದಿಂದ ಅಕ್ಕನ ಫೋನ್. ಓಣಿಗೆಲ್ಲ ಹೇಳಿಬಿಟ್ಟಿದ್ದಾರೆ, ನಾ ತಿಕ್ಕಿದ ಬಂದೂಕು ಅಮೆರಿಕದ ಮ್ಯೂಸಿಯಂನಾಗ ಅದ ಅಂತ. ಫೋಟೋ ಬೇಕಂತೆ.

ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿದೆವು. ಮೇಜಿನ ಮೇಲೆ ಬಂದೂಕು ಇಟ್ಟು, ಟೇಬಲ್ ಲ್ಯಾಂಪ್ ನಾನು ಹಿಡಿದೆ. ಅವರ ಕೈ ನಡುಗಿ ಮೊದಲ ಫೋಟೋಗಳೆಲ್ಲ ಕೆಟ್ಟವು. ಕೊನೆಗೊಂದು ನೆಟ್ಟಗೆ ಬಂತು, ಕಳಿಸಿದರು.

ನನಗೆ ತಡೆಯಲಾಗಲಿಲ್ಲ. "ಒಂದ ಮಾತು ಬೈದಿದ್ರ ಏನ್ ಆಗ್ತಿತ್ತು ನಿಮ್ಮ ಅಕ್ಕಗ?"

ಅವರು ಸಿಂಹವಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿದರು.

"ಇದನ್ನ ಮಾಡಿದ ಮಂದ್ಯಾಗ ಒಬ್ಬರ ಹೆಸರೂ ನನಗ ಸಿಗಲಿಲ್ಲ" ಅಂದರು. "ತಿಕ್ಕಿದಾಕಿ ಹೆಸರರ ಗೊತ್ತದಲ್ಲ."